ಹದಿನೇಳು ಕಲ್ಲಿನ ವಾಚು

ಒಡವೆಯ ಆಸೆ ಹೆಂಗಸರಿಗೆ ಎಂದು ಮೊದಲು ಹೇಳಿದವರು ಯಾರೋ ತಿಳಿಯದು. ಗಂಡಸರೇ ಇರಬೇಕು. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಫೋಟೋಗಳನ್ನು ಒಮ್ಮೆ ನೋಡಿ. ತಲೆಗೆ ಜರಿಪೇಟ, ಕಿವಿಗೆ ಹತ್ತಕಡಕು, ಬೆರಳಿಗೆ ಉಂಗುರ, ಮೈಮೇಲೆ ಕೋಟು, ಆ ಕೋಟಿನ ಜೇಬಿನಿಂದ ಇಳಿಬಿದ್ದ ಗಡಿಯಾರದ ಸರಪಳಿ. ಪಕ್ಕದಲ್ಲಿ ನಿಂತ ಹೆಂಡತಿಯ ಅಲಂಕಾರಕ್ಕಿಂತ ಯಜಮಾನರದು ಕಡಿಮೆಯೇನೂ ಇಲ್ಲ. ಕಾಲ ಸರಿದಂತೆ ಪೇಟ ಹೋಯಿತು, ಕಡಕು ಹೋಯಿತು, ಅವರ ಶೋಕಿಯೆಲ್ಲ ಮಣಿಕಟ್ಟಿಗೆ ಇಳಿದು ವಾಚಾಯಿತು. ಅದನ್ನು ಮಾತ್ರ ಯಾರೂ ಒಡವೆ ಎನ್ನಲಿಲ್ಲ. 'ಉಪಯೋಗದ ವಸ್ತು' ಎಂದರು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಕೈಗೆ ಕಟ್ಟುವ ಗಡಿಯಾರ ಯುರೋಪಿನಲ್ಲಿ ಮೊದಲು ಹೆಂಗಸರ ಆಭರಣವಾಗಿತ್ತು, ಬಳೆಗೆ ಕೂಡಿಸಿದ ಒಂದು ಅಲಂಕಾರ. ಗಂಡಸರು ಜೇಬುಗಡಿಯಾರವೇ ತಮ್ಮ ಘನತೆಗೆ ತಕ್ಕದ್ದು ಎಂದುಕೊಂಡಿದ್ದರು. 1914ರ ಮಹಾಯುದ್ಧದ ಕಂದಕಗಳಲ್ಲಿ ಬಂದೂಕು ಹಿಡಿದ ಕೈ ಜೇಬಿಗೆ ಹೋಗುವಂತಿರಲಿಲ್ಲ. ಗಡಿಯಾರ ಸಿಪಾಯಿಯ ಮಣಿಕಟ್ಟಿಗೆ ಬಂತು. ಅಲ್ಲಿಂದ ಮುಂದೆ ಅದು ಗಂಡಸುತನದ ಗುರುತಾಯಿತು.

ನಾನು ಬೆಳೆದದ್ದು ಬೆಂಗಳೂರಿನ ಓಕಳಿಪುರಂನಲ್ಲಿ, ರೈಲು ಹಳಿಗಳ ಪಕ್ಕದಲ್ಲಿ. ಒಂದು ಕಡೆ 1884ರಷ್ಟು ಹಳೆಯ ಬಿನ್ನಿ ಮಿಲ್ಲು ಮತ್ತು ಮಿನರ್ವಾ ಮಿಲ್ಲು, ಇನ್ನೊಂದು ಕಡೆ ಮಲ್ಲೇಶ್ವರದ ತುದಿಗೆ ರಾಜಾ ಮಿಲ್ಲು. ಮಿಲ್ಲಿನ ಕೂಗು, ರೈಲಿನ ಕೂಗು ಇವೇ ನಮಗೆ ಗಡಿಯಾರ. ಮೊದಲ ಕೂಗಿಗೆ ಒಲೆ ಹತ್ತಬೇಕು, ಎರಡನೆಯದಕ್ಕೆ ಊಟದ ಡಬ್ಬಿ ಮುಚ್ಚಬೇಕು. ಕೈಯಲ್ಲಿ ವಾಚಿಲ್ಲದ ಹೆಂಗಸರು ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿಕೊಟ್ಟದ್ದರಿಂದಲೇ ವಾಚು ಕಟ್ಟಿದ ಗಂಡಸರು ಹೊತ್ತಿಗೆ ಸರಿಯಾಗಿ ಗೇಟು ಮುಟ್ಟುತ್ತಿದ್ದರು. ಹಾಗಾದರೆ ಆ ಬೀದಿಯಲ್ಲಿ ವಾಚು ಯಾರ ಉಪಯೋಗಕ್ಕೆ ಎಂದು ನೀವೇ ಹೇಳಿ.

ಮೊದಮೊದಲು ವಾಚೆಂದರೆ ಸ್ವಿಟ್ಜರ್ಲೆಂಡಿನದು. ವೆಸ್ಟ್ ಎಂಡ್, ಫೇವರ್ ಲ್ಯೂಬಾ ಎಂಬ ಹೆಸರುಗಳನ್ನು ದೊಡ್ಡವರು ದೇವರ ಹೆಸರು ಹೇಳುವಂತೆ ಹೇಳುತ್ತಿದ್ದರು. ಸಾಮಾನ್ಯರ ಕೈಗೆ ವಾಚು ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಯಂತ್ರಗಳನ್ನು ತಯಾರಿಸಲೆಂದು 1953ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಎಚ್.ಎಂ.ಟಿ., ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಜಾಲಹಳ್ಳಿಯಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಜನತಾ, ಪೈಲಟ್, ಕಾಂಚನ್ ಎಂದು ಗಂಡಸರಿಗೆ ಬಗೆಬಗೆಯ ಮಾದರಿ ಬಂದವು. ಹೆಂಗಸರಿಗೆ ಸುಜಾತಾ ಎಂಬ ಪುಟ್ಟ ವಾಚೂ ಇತ್ತು. ಆದರೆ ನಮ್ಮ ಬೀದಿಯ ಎಷ್ಟು ಮನೆಗೆ ಸುಜಾತಾ ಬಂದಳು ಎಂದು ಎಣಿಸಲು ಒಂದು ಕೈಬೆರಳು ಸಾಕು.

ಜನತಾ ವಾಚಿನ ಮುಖದ ಮೇಲೆ '17 ಜ್ಯುವೆಲ್ಸ್' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಹದಿನೇಳು ರತ್ನ! ಅವು ಕಾರ್ಖಾನೆಯಲ್ಲಿ ತಯಾರಿಸಿದ ಕೃತಕ ಮಾಣಿಕ್ಯದ ಹರಳುಗಳು. ಚಕ್ರಗಳ ಸೂಜಿಯಂಥ ಅಚ್ಚುಗಳು ಸವೆಯದೆ ತಿರುಗಲೆಂದು ಅವುಗಳ ತುದಿಗೆ ಈ ಹರಳಿನ ಕುಣಿಕೆ. ಹೊರಗಿನವರ ಕಣ್ಣಿಗೆ ಬೀಳದೆ, ಹಗಲೂ ರಾತ್ರಿ ಉಜ್ಜಾಟವನ್ನೆಲ್ಲ ತಾವೇ ತಡೆದುಕೊಂಡು, ಮುಳ್ಳು ಸುಗಮವಾಗಿ ಓಡುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಓದುವ ಹೆಂಗಸರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯ ಒಬ್ಬ ಹುಡುಗಿಗೆ ಆ ವಾಚಿನ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತ್ತು. ಬೆಳಗಿನ ಕಾರ್ಖಾನೆ ಬಸ್ಸು ಹತ್ತುತ್ತಿದ್ದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮುಟ ಹಿಡಿದು ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಹೂ ಕಟ್ಟುವ, ರಂಗೋಲಿ ಹಾಕುವ ಬೆರಳುಗಳಿಗೆ ಅದು ಬಲು ಬೇಗ ಒಗ್ಗಿತು. ಅವಳ ತಂದೆ ಮಿಲ್ಲಿನ ಕೆಲಸಗಾರರು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು, "ನಮಗೇನೂ ಬೇಡಿ, ಹುಡುಗನಿಗೆ ಒಂದು ಸೂಟು, ಒಂದು ಒಳ್ಳೆಯ ವಾಚು, ಅದೂ ನಿಮ್ಮ ಸಂತೋಷಕ್ಕೆ" ಎಂದರು. ಆಗ ಕಾಂಚನ್ ಮದುವೆ ವಾಚೆಂದೇ ಹೆಸರಾಗಿತ್ತು, ಸುಲಭವಾಗಿ ಸಿಗುತ್ತಲೂ ಇರಲಿಲ್ಲ. ಅವಳ ತಾಯಿಯ ಎರಡು ಬಳೆ ಗಿರವಿ ಅಂಗಡಿ ಸೇರಿದವು. "ದಿನಾ ಎಷ್ಟೋ ವಾಚಿಗೆ ಜೀವ ಕೊಡ್ತೀನಿ ಕಣೇ, ಒಂದು ವಾಚು ನಮ್ಮಮ್ಮನ ಬಳೆ ತಿಂತು" ಎಂದು ನನ್ನ ಮುಂದೆ ನಕ್ಕಿದ್ದಳು. ಆ ನಗು ನನಗಿನ್ನೂ ಅರಗಿಲ್ಲ. ಎರಡು ವರ್ಷದ ಮೇಲೆ ಬಳೆ ಬಿಡಿಸಿಕೊಟ್ಟವಳೂ ಅವಳೇ, ತನ್ನ ಸಂಬಳದಲ್ಲಿ, ಗಂಡನಿಗೆ ತಿಳಿಯದ ಹಾಗೆ.

ವಾಚಿನ ಕಾರ್ಖಾನೆ ಬಂದ ಆ 1961ನೇ ಇಸವಿಯಲ್ಲೇ ವರದಕ್ಷಿಣೆ ನಿಷೇಧ ಕಾಯಿದೆಯೂ ಬಂತು. ಜುಲೈ 1ರಿಂದ ಜಾರಿ. ತಪ್ಪು ಮಾಡಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದರಲ್ಲೊಂದು ವಿವರಣೆ ಸೇರಿಕೊಂಡಿತ್ತು. ಮದುವೆಯ ಹೊತ್ತಿನಲ್ಲಿ ಕೊಟ್ಟ ಹಣ, ಒಡವೆ, ಬಟ್ಟೆ, ಇತರ ವಸ್ತುಗಳು ಮದುವೆಗೆ ಪ್ರತಿಫಲವಾಗಿ ಕೊಟ್ಟದ್ದಲ್ಲದಿದ್ದರೆ ವರದಕ್ಷಿಣೆಯಲ್ಲ, ಬರೀ ಉಡುಗೊರೆ. ಆ ಬಾಗಿಲಿನಿಂದ ವಾಚು ಒಳಗೆ ಬಂತು, ಸೂಟು ಬಂತು, ರೇಡಿಯೋ ಬಂತು, ಹಿಂದಿನಿಂದ ಸ್ಕೂಟರೂ ಬಂತು. ಎಲ್ಲವೂ 'ನಿಮ್ಮ ಸಂತೋಷಕ್ಕೆ'. ಹೆಣ್ಣು ಹೆತ್ತವರ ಸಂತೋಷಕ್ಕೆ ಎಷ್ಟೊಂದು ಹೆಸರು!

ಆ ವಿವರಣೆಯನ್ನು ತೆಗೆದುಹಾಕಲು 1984ರ ತಿದ್ದುಪಡಿಯೇ ಬೇಕಾಯಿತು. ಈಗಿನ ಕಾಯಿದೆಯ ಪ್ರಕಾರ ಕನಿಷ್ಠ ಶಿಕ್ಷೆ ಐದು ವರ್ಷ. ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ, ಆದರೆ ಹೆಣ್ಣಿನ ಕಡೆಯವರು ಕೊಡುವುದು ವಾಡಿಕೆಯದಾಗಿರಬೇಕು, ಅವರ ಶಕ್ತಿಗೆ ಮೀರಿರಬಾರದು. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು ಎಂದು ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕೆಂದು 1985ರ ನಿಯಮಗಳು ಹೇಳುತ್ತವೆ.

ಈ ನಡುವೆ ವಾಚಿನ ಕಾಲವೂ ಬದಲಾಯಿತು. ಕೀ ಕೊಡುವ ಕೆಲಸವಿಲ್ಲದ ಬ್ಯಾಟರಿ ವಾಚುಗಳು ಬಂದವು. ಹೊಸೂರಿನ ಟೈಟಾನ್ 1987ರಲ್ಲಿ ಮಾರುಕಟ್ಟೆಗೆ ಇಳಿದು, ವಾಚೆಂದರೆ ಕೊಡುವ ಉಡುಗೊರೆ ಎಂಬುದನ್ನೇ ಜಾಹೀರಾತು ಮಾಡಿಕೊಂಡಿತು. ಹೆಂಗಸರಿಗೆಂದೇ ಚೆಂದದ ವಾಚುಗಳನ್ನೂ ತಂದಿತು. ಹತ್ತು ಕೋಟಿಗೂ ಮೀರಿ ಗಡಿಯಾರ ಮಾಡಿದ ಎಚ್.ಎಂ.ಟಿ.ಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದವು, ರಾಜಾ ಮಿಲ್ಲಿನ ಜಾಗದಲ್ಲಿ ಮಾಲು ಬಂತು. ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯ ವಸ್ತುಸಂಗ್ರಹಾಲಯವಿದೆ. ಹಳೆಯ ಜನತಾ ವಾಚನ್ನು ಹುಡುಕಿ ಕೊಳ್ಳುವ ತರುಣರಿದ್ದಾರೆ. ಕೆಲವರು ಅದರ ಬೆನ್ನು ಬಿಚ್ಚಿಸಿ, ಒಳಗಿನ ಕೆಂಪು ಹರಳುಗಳನ್ನು ನೋಡಿ ಬೆರಗಾಗುತ್ತಾರೆ. ಮಾದರಿ ಯಾವುದು, ತಯಾರಾದ ವರ್ಷ ಯಾವುದು ಎಂದೆಲ್ಲ ಬರೆದಿಡುತ್ತಾರೆ. ಒಳ್ಳೆಯದೇ.

ಆದರೆ ಅದನ್ನು ಕೊಂಡ ಹಣ ಎಲ್ಲಿಂದ ಬಂತೆಂದು ಬರೆದಿಟ್ಟವರಿಲ್ಲ. ನಾನು ಹೋದ ಮದುವೆಗಳಲ್ಲಿ ಮುಯ್ಯಿ ಪುಸ್ತಕ ಇಲ್ಲದ ಮದುವೆ ಅಪರೂಪ. ಬಾಗಿಲ ಬಳಿ ಒಬ್ಬರು ಪೆನ್ನು ಹಿಡಿದು ಕೂತು, ಯಾರದು ಹನ್ನೊಂದು ರೂಪಾಯಿ, ಯಾರದು ಸ್ಟೀಲು ಡಬರಿ ಎಂದು ಬಿಡದೆ ಬರೆಯುತ್ತಾರೆ. ಕಾಯಿದೆ ಕೇಳುವ ಆ ಇನ್ನೊಂದು ಪಟ್ಟಿಯನ್ನು ಮಾತ್ರ ನಾನು ಒಂದು ಮದುವೆಯಲ್ಲೂ ಕಂಡಿಲ್ಲ. ನಿಮ್ಮ ಮನೆಯಲ್ಲಿ ಮುಂದಿನ ಮದುವೆ ನಡೆದಾಗ, ಮುಯ್ಯಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟು ನೋಡಿ. ವಾಚು ಎಂದು ಬರೆಯಿರಿ, ಅದರ ಮುಂದೆ ಬೆಲೆ ಬರೆಯಿರಿ, ಕೊಟ್ಟವರು ಎನ್ನುವ ಕಡೆ ಅಪ್ಪನ ಹೆಸರಿನ ಜೊತೆಗೆ ಅಮ್ಮನ ಹೆಸರನ್ನೂ ಬರೆಯಿರಿ. ಹೇಗೂ ಬಳೆ ಅವರದೇ.