ಕಣಿವೆಗೆ ಇಳಿದ ಕಾಂಕ್ರೀಟು

ಊರಿನಿಂದ ತಂದೆತಾಯಂದಿರು ಬಂದರೆ ನಮ್ಮಲ್ಲಿ ಅನೇಕರು ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್ ಜೊತೆಗೆ ಹೂವರ್ ಅಣೆಕಟ್ಟನ್ನೂ ತೋರಿಸಿ ಕರೆತರುತ್ತೇವೆ. ಕನ್ನಂಬಾಡಿ ಕಟ್ಟೆ ಕಂಡ ಹಿರಿಯರು ಬಗ್ಗಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಆಳಕ್ಕೆ ಗಾರೆ ಇಳಿಸಿದ್ದಾದರೂ ಹೇಗೆ?"

ಪ್ರಶ್ನೆ ಸರಿಯಾದದ್ದೇ. ಕನ್ನಂಬಾಡಿಯದು ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟೆ. 1911ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಕಾಲೊರಾಡೊ ನದಿಯ ಬ್ಲ್ಯಾಕ್ ಕ್ಯಾನಿಯನ್‌ನಲ್ಲಾದರೋ ಇಕ್ಕೆಲದಲ್ಲೂ ಕಡಿದಾದ ಬಂಡೆ, ನಡುವೆ ನದಿ. ಮೊದಲು ನದಿಯನ್ನೇ ಸರಿಸಬೇಕಾಯಿತು. 1931ರಿಂದ ಬಂಡೆಯೊಳಗೆ ನಾಲ್ಕು ಸುರಂಗಗಳನ್ನು ಕೊರೆದು, 1932ರ ನವೆಂಬರಿನಲ್ಲಿ ನೀರನ್ನು ಅವುಗಳಿಗೆ ತಿರುಗಿಸಿದರು.

ಕಲಸಿದ ಕಾಂಕ್ರೀಟು ಹೆಚ್ಚು ಹೊತ್ತು ಕಾಯುವುದಿಲ್ಲ, ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಕಲಸುವ ಕಾರ್ಖಾನೆಗಳನ್ನೇ ಹತ್ತಿರ ತಂದರು: ಒಂದು ಕಣಿವೆಯ ತಳದಲ್ಲಿ, ಇನ್ನೊಂದು ನೆವಾಡಾ ಕಡೆಯ ಅಂಚಿನಲ್ಲಿ. ಅಲ್ಲಿಂದ ಸಣ್ಣ ರೈಲಿನಲ್ಲಿ ಬಂದ ತೊಟ್ಟಿಗಳನ್ನು, ಕಣಿವೆಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳ ಮೇಲಿನಿಂದ ಕೆಳಗಿಳಿಸುತ್ತಿದ್ದರು. ಒಂದು ತೊಟ್ಟಿಯಲ್ಲಿ 8 ಘನಗಜ ಕಾಂಕ್ರೀಟು. ತೂಕ ಸುಮಾರು 20 ಟನ್. ಯಂತ್ರ ನಡೆಸುವವನು ಸಂಜ್ಞೆ ಕೊಡುವವನನ್ನು ನಂಬಿಯೇ ಇಳಿಸಬೇಕು. 1933ರ ಜೂನ್ 6ರಂದು ಮೊದಲ ತೊಟ್ಟಿ ಸುರಿಯಿತು. 1935ರ ಮೇ ಮುಗಿಯುವ ಹೊತ್ತಿಗೆ ಅಣೆಕಟ್ಟೆಯೊಂದಕ್ಕೇ 32.5 ಲಕ್ಷ ಘನಗಜ ಇಳಿದಿತ್ತು.

ಸಿಮೆಂಟು ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಒಟ್ಟಿಗೇ ಸುರಿದಿದ್ದರೆ ಆರಲು ನೂರಕ್ಕೂ ಹೆಚ್ಚು ವರ್ಷ ಬೇಕಾಗಿ, ಕಟ್ಟೆ ಬಿರುಕು ಬಿಡುತ್ತಿತ್ತು. ಆದ್ದರಿಂದ 5 ಅಡಿ ಎತ್ತರದ ಅಚ್ಚುಗಳಲ್ಲಿ ಸುರಿದು, ಒಳಗೆ 582 ಮೈಲಿ ಕೊಳವೆ ಹಾಯಿಸಿ ತಣ್ಣೀರು ಹರಿಸಿದರು.

ಕೂಲಿಗಳು ಈ ಕಾಂಕ್ರೀಟಿನೊಳಗೇ ಹೂತುಹೋಗಿದ್ದಾರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಲ್ಲ. ಒಂದು ತೊಟ್ಟಿ ಸುರಿದರೆ ಅಚ್ಚಿನಲ್ಲಿ ಏರುತ್ತಿದ್ದುದು ಕೆಲವೇ ಅಂಗುಲ. 1933ರ ನವೆಂಬರಿನಲ್ಲಿ ಅಚ್ಚು ಮುರಿದು ಕಾಂಕ್ರೀಟಿನಡಿ ಸಿಕ್ಕಿದ ಒಬ್ಬನ ದೇಹವನ್ನೂ 16 ಗಂಟೆಗಳ ನಂತರ ಹೊರತೆಗೆದರು.

ನಿಜವಾಗಿ ಹೂತುಹೋದದ್ದು ಬೇರೆ. ಸುರಂಗ ಕೊರೆಯುವಾಗ ಒಳಗೇ ಪೆಟ್ರೋಲ್ ಲಾರಿಗಳು ಓಡುತ್ತಿದ್ದವು. ಅವುಗಳ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. ಆ ಕಾಲದಲ್ಲಿ 42 ಕಾರ್ಮಿಕರ ಸಾವಿಗೆ ದಾಖಲೆಯಲ್ಲಿ ಬರೆದ ಕಾರಣ ನ್ಯುಮೋನಿಯಾ. ಅದೇ ಅವಧಿಯಲ್ಲಿ ಬೌಲ್ಡರ್ ಸಿಟಿಯ ಇತರ ನಿವಾಸಿಗಳಲ್ಲಿ ಒಬ್ಬರೂ ನ್ಯುಮೋನಿಯಾದಿಂದ ಸತ್ತ ದಾಖಲೆಯಿಲ್ಲ. ವಿಷಗಾಳಿಯಿಂದ ಆರೋಗ್ಯ ಕೆಟ್ಟಿತೆಂದು ಕಾರ್ಮಿಕರು ಹೂಡಿದ ದಾವೆಗಳನ್ನು 1936ರಲ್ಲಿ ಗುತ್ತಿಗೆದಾರರು ನ್ಯಾಯಾಲಯದ ಹೊರಗೆ ಹಣ ಕೊಟ್ಟು ಮುಗಿಸಿದರು. ಅಧಿಕೃತ ಸಾವಿನ ಸಂಖ್ಯೆ 96. ಈ 42 ಅದರಲ್ಲಿ ಸೇರಿಲ್ಲ.

ಮರಣಪತ್ರದ 'ಕಾರಣ' ಎಂಬ ಒಂದು ಸಾಲು ಎಷ್ಟು ಭಾರದ್ದೆಂದು ವೈದ್ಯರಾದ ನಾವು ಬಲ್ಲೆವು. ಅಲ್ಲಿ ಬೇರೆ ಮಾತು ಬಿದ್ದರೆ ಮನೆಯವರಿಗೆ ಪರಿಹಾರ ಸಿಗದು, ಲೆಕ್ಕಕ್ಕೆ ಹೆಸರೂ ಸೇರದು. ಮುಂದಿನ ಸಲ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ದಾಗ 726 ಅಡಿಯ ಎತ್ತರವನ್ನು ತೋರಿಸೋಣ. ಲೆಕ್ಕಕ್ಕೆ ಸೇರದವರ ಮಾತನ್ನೂ ಹೇಳೋಣ.