ವಿಷದ ಹೆಸರು ತಿಳಿಯುವ ಮುನ್ನ

ಬೇತಮಂಗಲಕ್ಕೆ ಎಂದಾದರೂ ಹೋದರೆ ಅಲ್ಲಿಯ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಲ್ಲಿರಿ. ಪಾಲಾರಿನ ಈ ನೀರೇ ಬಹುಕಾಲ ಕೋಲಾರದ ಚಿನ್ನದ ಗಣಿಯ ಜನರ ಬಾಯಾರಿಕೆಯನ್ನು ತಣಿಸಿದ್ದು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಅರೆದ ಕಲ್ಲಿನಿಂದ ಚಿನ್ನವನ್ನು ಬಿಡಿಸುತ್ತಿದ್ದುದು ಸೈನೈಡಿನ ದ್ರಾವಣ. 1887ರಲ್ಲಿ ಈ ವಿಧಾನವನ್ನು ಗ್ಲಾಸ್ಗೋ ನಗರದಲ್ಲಿ ರೂಪಿಸಿದವರಲ್ಲಿ ಇಬ್ಬರು ವೈದ್ಯರೆಂಬುದು ಸೋಜಿಗವೇ ಸರಿ.

ಸೈನೈಡು ಹೊಕ್ಕ ಮೈಗೆ ಪ್ರಾಣವಾಯುವಿದ್ದೂ ಇಲ್ಲದಂತೆ. ಜೀವಕಣಗಳು ಅದನ್ನು ಬಳಸಲಾರವು. ಆದುದರಿಂದ ಹೃದಯಕ್ಕೆ ಮರಳುವ ರಕ್ತವೂ ಕೆಂಪಾಗಿಯೇ ಉಳಿಯುವುದುಂಟು. ರಕ್ತದಲ್ಲಿ ವಿಷವನ್ನು ಅಳೆದು ವರದಿ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಲಕ್ಷಣವನ್ನೂ, ರೋಗಿ ಎಲ್ಲಿಂದ ಬಂದನೆಂಬುದನ್ನೂ ನೋಡಿಯೇ ವೈದ್ಯರು ನಿರ್ಣಯಿಸಬೇಕು. ಯಾವ ವಿಷವೇ ಆಗಲಿ, ಪಕ್ಕದಲ್ಲಿ ಡಬ್ಬಿ, ಸೀಸೆ ಸಿಕ್ಕರೆ ನೀವು ಅದನ್ನು ರೋಗಿಯೊಡನೆ ಒಯ್ಯಿರಿ.

ಲಕ್ಷಣ ನೋಡುವ ಈ ಜಾಣ್ಮೆ ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಹಠಾತ್ತನೆ ಸತ್ತವನ ಹಲ್ಲು, ಉಗುರು ಕಪ್ಪಿಟ್ಟಿವೆಯೆ, ಬಾಯಲ್ಲಿ ನೊರೆಯಿದೆಯೆ ಎಂದು ಪರೀಕ್ಷಿಸುವ ಕ್ರಮವಿದೆ. ಅರಸನ ಊಟವನ್ನು ಮೊದಲು ಬೆಂಕಿಗೂ ಹಕ್ಕಿಗಳಿಗೂ ಹಾಕಬೇಕಂತೆ! ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ವನ್ನು ಪದ್ಯದಲ್ಲಿ ಬರೆದ. ನಾವು ಪಂಡಿತರು ಅದರ ಛಂದಸ್ಸನ್ನು ಎಣಿಸುತ್ತ ವೈದ್ಯವನ್ನು ಮರೆತೆವು.

ಹಕ್ಕಿಗಳ ಪರೀಕ್ಷೆ ಹಳೆಯ ಕಾಲದ ಮಾತೆನ್ನಬೇಡಿ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ, ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಎಂಜಲನ್ನು ಕುಕ್ಕಿದ ಕಾಗೆಗಳೂ ಸತ್ತುಬಿದ್ದವು. ವಾಂತಿಯನ್ನು ಕಂಡವರಿಗೆ ಅನ್ನ ಹಳಸಿತ್ತೆಂದು ತೋರುವುದು ಸಹಜ. ಆದರೆ ಹಳಸಿದ ಅನ್ನವು ಕಣ್ಣಿನ ಪಾಪೆಯನ್ನು ಸೂಜಿಮೊನೆಯಷ್ಟು ಕಿರಿದು ಮಾಡುವುದಿಲ್ಲ; ಜೊಲ್ಲು, ಬೆವರು ಹರಿಸಿ, ಮಾಂಸಖಂಡಗಳನ್ನು ಅದುರಿಸಿ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿಸುವುದಿಲ್ಲ. ಇವು ಬೆಳೆಗೆ ಹೊಡೆಯುವ ಒಂದು ಜಾತಿಯ ಕೀಟನಾಶಕದ ಗುರುತುಗಳು. ಇವನ್ನು ಕಂಡ ವೈದ್ಯರು ವರದಿಗಾಗಿ ಕಾಯದೆ ಅಟ್ರೋಪಿನ್ ಚುಚ್ಚುತ್ತಾರೆ. ಎದೆಯ ನೀರು ಆರುವವರೆಗೂ ಮತ್ತೆ ಮತ್ತೆ ಕೊಡುತ್ತಾರೆ. ಉಸಿರು ಸೋತರೆ ಯಂತ್ರಕ್ಕೆ ಜೋಡಿಸುತ್ತಾರೆ. ಸುಳ್ವಾಡಿಯ ಬಹುಮಂದಿಯನ್ನು ಮೈಸೂರಿನ ಆಸ್ಪತ್ರೆಗಳಿಗೆ ಒಯ್ದರು. 17 ಜನ ಉಳಿಯಲಿಲ್ಲ, ಮಿಕ್ಕವರು ಬದುಕಿಕೊಂಡರು. ಪ್ರಸಾದದಲ್ಲಿ ಬೆರೆತದ್ದು ಮೋನೋಕ್ರೋಟೋಫಾಸ್ ಎಂದು ಪ್ರಯೋಗಾಲಯವು ಹೆಸರು ಹಿಡಿದು ಹೇಳಿದ್ದು ಕೆಲವು ದಿನಗಳ ಮೇಲೆ.