ಆಲಿವ್ ಎಣ್ಣೆಯ ಸೇವನೆ ಮತ್ತು ಯಕೃತ್ತಿನ ಚಯಾಪಚಯ ಕ್ರಿಯೆ

ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಯಕೃತ್ತಿನಲ್ಲಿ ಕೊಬ್ಬು ಸಂಗ್ರಹವಾಗಿರುವುದು ಕಂಡುಬಂದ ನಂತರ, ಬರಿಹೊಟ್ಟೆಯಲ್ಲಿ ಆಲಿವ್ ಎಣ್ಣೆ ಕುಡಿದರೆ ಯಕೃತ್ತು ಶುದ್ಧವಾಗುವುದೆಂಬ ನಂಬಿಕೆಯಿಂದ ಕೆಲವರು ಅದನ್ನು ಔಷಧಿಯಂತೆ ಸೇವಿಸುವುದುಂಟು. ಈ ಎಣ್ಣೆಯ ಪ್ರಯೋಜನ ಹಾಗೂ ಮಿತಿಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ವಿವರಿಸಲಾಗಿದೆ.

ಕೊಬ್ಬು ಯಕೃತ್ತನ್ನು ಸೇರುವ ಬಗೆ

ಆಹಾರದಲ್ಲಿನ ಎಣ್ಣೆಯು ಕರುಳಿನಲ್ಲಿ ಜೀರ್ಣವಾಗಿ, ದುಗ್ಧನಾಳಗಳ ಮೂಲಕ ರಕ್ತವನ್ನು ಸೇರುತ್ತದೆ. ಸ್ನಾಯುಗಳು ಮತ್ತು ಕೊಬ್ಬಿನ ಅಂಗಾಂಶಗಳು ಬಳಸಿಕೊಂಡು ಉಳಿದ ಅಂಶವು ಯಕೃತ್ತಿಗೆ ಬರುತ್ತದೆ. ಯಕೃತ್ತು ಅದನ್ನು ದಹಿಸಿ ಶಕ್ತಿಯನ್ನು ಪಡೆಯುತ್ತದೆ, ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಮರಳಿಸುತ್ತದೆ ಅಥವಾ ತನ್ನ ಜೀವಕೋಶಗಳಲ್ಲಿಯೇ ಶೇಖರಿಸುತ್ತದೆ.

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ರೋಗಿಗಳ ಯಕೃತ್ತಿನಲ್ಲಿದ್ದ ಕೊಬ್ಬಿನ ಸುಮಾರು ಶೇ. 59ರಷ್ಟು ರಕ್ತದಲ್ಲಿ ಸಂಚರಿಸುವ ಮುಕ್ತ ಕೊಬ್ಬಿನಾಮ್ಲಗಳಿಂದ ಬಂದಿತ್ತು. ಇವುಗಳ ಮುಖ್ಯ ಮೂಲ ದೇಹದಲ್ಲಿ ಈಗಾಗಲೇ ಶೇಖರವಾಗಿರುವ ಕೊಬ್ಬು. ಶೇ. 26ರಷ್ಟನ್ನು ಸಕ್ಕರೆ, ಪಿಷ್ಟ ಮುಂತಾದವುಗಳಿಂದ ಯಕೃತ್ತೇ ತಯಾರಿಸಿತ್ತು. ಆಹಾರದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ. ಆದುದರಿಂದ ಸಿಹಿತಿಂಡಿ, ತಂಪು ಪಾನೀಯ ಹಾಗೂ ಅತಿಯಾದ ಅನ್ನವನ್ನು ಹಾಗೆಯೇ ಮುಂದುವರಿಸಿ ಎಣ್ಣೆಯನ್ನು ಮಾತ್ರ ಬದಲಿಸಿದರೆ ಹೆಚ್ಚಿನ ಫಲ ದೊರೆಯದು.

ಎಣ್ಣೆಯ ಸ್ವರೂಪ ಮತ್ತು ಅಧ್ಯಯನಗಳು

ಆಲಿವ್ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 55ರಿಂದ 83ರಷ್ಟು ಓಲಿಯಿಕ್ ಆಮ್ಲವಿರುತ್ತದೆ. ತಾಳೆ ಎಣ್ಣೆ ಮತ್ತು ಬೆಣ್ಣೆಯಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲವು ಅಧಿಕವಾದಾಗ ಯಕೃತ್ತಿನ ಜೀವಕೋಶಗಳಿಗೆ ಹಾನಿಯಾಗಿ, ಇನ್ಸುಲಿನ್‌ನ ಪ್ರಭಾವ ಕುಗ್ಗುತ್ತದೆ. ಓಲಿಯಿಕ್ ಆಮ್ಲವು ಹೋಲಿಕೆಯಲ್ಲಿ ನಿರಪಾಯಕಾರಿ.

ಫಿನ್‌ಲೆಂಡ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಧಿಕ ತೂಕದ 38 ವ್ಯಕ್ತಿಗಳಿಗೆ ಮೂರು ವಾರ ಪ್ರತಿದಿನ 1,000 ಕಿಲೋಕ್ಯಾಲರಿ ಹೆಚ್ಚುವರಿ ಆಹಾರ ನೀಡಲಾಯಿತು. ಯಕೃತ್ತಿನ ಕೊಬ್ಬು ಸಂತೃಪ್ತ ಕೊಬ್ಬು ಸೇವಿಸಿದವರಲ್ಲಿ ಶೇ. 55, ಸಕ್ಕರೆ ಸೇವಿಸಿದವರಲ್ಲಿ ಶೇ. 33 ಹಾಗೂ ಆಲಿವ್ ಎಣ್ಣೆಯೂ ಸೇರಿದಂತೆ ಅಸಂತೃಪ್ತ ಕೊಬ್ಬು ಸೇವಿಸಿದವರಲ್ಲಿ ಶೇ. 15 ಹೆಚ್ಚಿತು. ಅಂದರೆ, ಉತ್ತಮ ಎಣ್ಣೆಯಾದರೂ ಮಿತಿಮೀರಿದರೆ ಯಕೃತ್ತಿನ ಕೊಬ್ಬು ಹೆಚ್ಚುತ್ತದೆಯೇ ಹೊರತು ಕರಗುವುದಿಲ್ಲ.

ಭಾರತೀಯರಿಗೆ ಹೆಚ್ಚು ಅನ್ವಯವಾಗುವುದು 2014ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ. ಯಕೃತ್ತಿನಲ್ಲಿ ಕೊಬ್ಬಿದ್ದ 93 ಪುರುಷರು ಆರು ತಿಂಗಳ ಕಾಲ ದಿನಕ್ಕೆ 20 ಗ್ರಾಂ ಮೀರದಂತೆ ಅಡುಗೆ ಎಣ್ಣೆ ಬಳಸಿದರು. ಸೋಯಾ ಅಥವಾ ಕುಸುಬೆ ಎಣ್ಣೆ ಬಳಸಿದವರಿಗಿಂತ ಆಲಿವ್ ಮತ್ತು ಕನೋಲಾ ಎಣ್ಣೆ ಬಳಸಿದವರಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿತು. ಇಲ್ಲಿ ಎಣ್ಣೆಯನ್ನು ಬದಲಿಸಲಾಗಿತ್ತೇ ವಿನಾ ಊಟದ ಮೇಲೆ ಹೆಚ್ಚುವರಿಯಾಗಿ ಸೇರಿಸಿರಲಿಲ್ಲ ಎಂಬುದು ಗಮನಾರ್ಹ.

ಯಕೃತ್ತಿನ ಶುದ್ಧೀಕರಣದ ಬಗ್ಗೆ

ಆಲಿವ್ ಎಣ್ಣೆಯೊಂದಿಗೆ ನಿಂಬೆರಸ ಕುಡಿದಾಗ ಮಲದಲ್ಲಿ ಹಸಿರು ಕಲ್ಲುಗಳು ಹೊರಬರುತ್ತವೆಂಬ ಪ್ರಚಾರವಿದೆ. ಅಂತಹ ಕಲ್ಲುಗಳನ್ನು ಪರೀಕ್ಷಿಸಿದ ವೈದ್ಯರ ವರದಿಯೊಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದ್ದು, ಅವು ಪಿತ್ತಕೋಶದ ಕಲ್ಲುಗಳಲ್ಲ, ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳು ಎಂದು ತಿಳಿಸಿದೆ. ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲುಗಳಿರುವವರು ಒಮ್ಮೆಲೇ ಇಷ್ಟು ಎಣ್ಣೆ ಕುಡಿದರೆ ತೀವ್ರ ಹೊಟ್ಟೆನೋವು ಕಾಣಿಸಿಕೊಳ್ಳಬಹುದು.

ಬಳಕೆ

ಒಂದು ದೊಡ್ಡ ಚಮಚ ಆಲಿವ್ ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲರಿ ಇರುತ್ತದೆ. ಅದನ್ನು ಬಳಸಬಯಸುವವರು ವನಸ್ಪತಿ, ತಾಳೆ ಎಣ್ಣೆ ಅಥವಾ ಬೆಣ್ಣೆಯ ಬದಲಾಗಿ ಬಳಸತಕ್ಕದ್ದು. ಎಕ್ಸ್‌ಟ್ರಾ ವರ್ಜಿನ್ ದರ್ಜೆಯಲ್ಲಿರುವ ಪಾಲಿಫಿನಾಲ್ ಅಂಶಗಳು ಸಂಸ್ಕರಿಸಿದ ದರ್ಜೆಗಳಲ್ಲಿ ಬಹುಮಟ್ಟಿಗೆ ನಷ್ಟವಾಗಿರುತ್ತವೆ. ಇದು ದುಬಾರಿಯಾದುದರಿಂದ ಸಾಲ ಮಾಡಿ ಖರೀದಿಸುವ ಅಗತ್ಯವಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿಯೂ ಓಲಿಯಿಕ್ ಆಮ್ಲ ಗಣನೀಯವಾಗಿದೆ.

ಅಧಿಕ ತೂಕವುಳ್ಳವರು ತೂಕವನ್ನು ಶೇ. 7ರಿಂದ 10ರಷ್ಟು ಇಳಿಸಿಕೊಳ್ಳುವುದು ಯಾವುದೇ ಎಣ್ಣೆಗಿಂತ ಹೆಚ್ಚು ಪರಿಣಾಮಕಾರಿ. ಮದ್ಯಪಾನ ಮಾಡುವವರು ಅದನ್ನು ನಿಲ್ಲಿಸತಕ್ಕದ್ದು. ಮಧುಮೇಹವಿರುವವರು ಮತ್ತು ಕಾಮಾಲೆ, ಹೊಟ್ಟೆ ಊತ ಅಥವಾ ರಕ್ತವಾಂತಿ ಕಂಡುಬಂದವರು ಮನೆಮದ್ದಿನಲ್ಲಿ ಕಾಲಹರಣ ಮಾಡದೆ, ಹಿಂದಿನ ಪರೀಕ್ಷಾ ವರದಿಗಳೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.